ಐದು ಬೆರಳಿನ ಬೀಗ

ನಾನು ಒಂದು ಮೊಬೈಲ್ ಫೋನು. ಆಂಡ್ರಾಯ್ಡ್ ಕುಲ, ಅದರಲ್ಲೂ ಅಗ್ಗದ ಕವಲು. ದಿಲ್ಲಿಯ ಆಚೆಗಿನ ಒಂದು ಕಾರ್ಖಾನೆಯಲ್ಲಿ ಟೊಪ್ಪಿಗೆ ಹಾಕಿದ ಹೆಣ್ಣುಮಕ್ಕಳು ಸಾಲಾಗಿ ಕೂತು ನನ್ನನ್ನು ಜೋಡಿಸಿದರು. ಎಲ್ಲರ ಕೈಗೂ ಬಿಳಿ ಗವಸು. ಬೆರಳನ್ನು ಗುರುತು ಹಿಡಿಯುವುದೇ ನನ್ನ ಕೆಲಸ, ಆದರೆ ನನ್ನನ್ನು ಹುಟ್ಟಿಸಿದವರ ಬೆರಳು ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೆನ್ನ ಮೇಲೆ ಸಣ್ಣ ನಾಣ್ಯದಷ್ಟು ಅಗಲದ ತಗ್ಗು ಮಾಡಿ ಅದರಲ್ಲಿ ಬೆರಳು ಓದುವ ಕಣ್ಣಿಟ್ಟರು. ಡಬ್ಬಿಯೊಳಗೆ ಮಲಗಿಸಿ ಕಳಿಸಿದರು.

ಕಣ್ಣು ಬಿಟ್ಟಾಗ ಮುಂಡರಗಿಯ ಒಂದು ಅಂಗಡಿಯಲ್ಲಿದ್ದೆ. ನನ್ನನ್ನು ಕೊಂಡವಳು ನೀಲಾಂಬಿಕಾ. ಮನೆಯಲ್ಲಿ ಎಲ್ಲರೂ ನೀಲಾ ಎನ್ನುತ್ತಿದ್ದರು. ಚಿಕ್ಕಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ತನ್ನ ಸಂಬಳದಲ್ಲೇ ನನ್ನನ್ನು ತಂದಳು. ಮೊದಲ ದಿನವೇ ನಾಲ್ಕು ಅಂಕಿಯ ಪಿನ್ ಹಾಕಿ, ಆಮೇಲೆ ಎರಡೂ ಕೈಯ ತೋರುಬೆರಳನ್ನು ಒಂದಾದ ಮೇಲೊಂದರಂತೆ ಬೆನ್ನಿನ ತಗ್ಗಿನಲ್ಲಿಟ್ಟಳು. ಎತ್ತಿ, ಮತ್ತೆ ಇಡಿ, ಸ್ವಲ್ಪ ಓರೆಯಾಗಿ ಇಡಿ ಎಂದು ನಾನು ಕಾಡಿಸಿದೆ. ಅವಳು ಬೇಸರವಿಲ್ಲದೆ ಇಟ್ಟಳು.

ಇಲ್ಲೊಂದು ತಪ್ಪು ತಿಳುವಳಿಕೆ ತಿದ್ದಿಬಿಡುತ್ತೇನೆ. ಫೋನುಗಳು ಬೆರಳಿನ ಚಿತ್ರ ಇಟ್ಟುಕೊಳ್ಳುತ್ತವೆ ಎಂದು ಜನ ಹೆದರುತ್ತಾರೆ. ಹಾಗಿಲ್ಲ. ಗೆರೆಗಳ ಲೆಕ್ಕ ಮಾತ್ರ ಉಳಿಯುತ್ತದೆ, ಅದೂ ನನ್ನ ಒಡಲಿನ ಒಂದು ಪ್ರತ್ಯೇಕ ಕೋಣೆಯಲ್ಲಿ. ಆ ಕೋಣೆಗೆ ನನಗೇ ಪ್ರವೇಶವಿಲ್ಲ. ಬೆರಳು ಬಂದಾಗ ಬಾಗಿಲು ತಟ್ಟುತ್ತೇನೆ, ಒಳಗಿನಿಂದ ಹೌದು ಅಥವಾ ಅಲ್ಲ ಎಂಬ ಉತ್ತರ ಬರುತ್ತದೆ. ಐಫೋನಿನವರದೂ ಇದೇ ಏರ್ಪಾಡು. ಈ ವಿಷಯದಲ್ಲಿ ನಮ್ಮ ಎರಡು ಕುಲಗಳ ನಡುವೆ ಜಗಳವಿಲ್ಲ.

ನೀಲಾಳಿಗೆ ಗದಗಿನ ಮಹಾಂತೇಶನ ಜೊತೆ ಮದುವೆಯಾಯಿತು. ಅವರದು ಭಾಂಡೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಸ್ಟೀಲು, ತಾಮ್ರ, ಹಿತ್ತಾಳೆ ಪಾತ್ರೆ ತುಂಬಿದ ದಾಸ್ತಾನು ಕೋಣೆ. ಮನೆಯಲ್ಲಿ ಅತ್ತೆ ಬಸಲಿಂಗಮ್ಮ, ಮೈದುನ ಸಂಗಮೇಶ. ಸಂಗಮೇಶ ಔಷಧ ಕಂಪನಿಯೊಂದರ ಪ್ರತಿನಿಧಿ, ಊರೂರು ತಿರುಗಿ ಡಾಕ್ಟರರನ್ನು ಕಾಣುವವನು. ಅವನ ಕಿಸೆಯಲ್ಲಿ ಐಫೋನ್.

ಹೊಸ ಸೊಸೆ ಒಲೆಯ ಮುಂದಿದ್ದಾಗ ನಾನು ರಿಂಗಾದೆ. ಬಸಲಿಂಗಮ್ಮ ಎತ್ತಿಕೊಳ್ಳುವಷ್ಟರಲ್ಲಿ ಕರೆ ನಿಂತಿತು. ಯಾರದೆಂದು ನೋಡಹೋದರೆ ನಾನು ಬಾಗಿಲು ತೆಗೆಯಲಿಲ್ಲ.

"ಕಪಾಟಿಗೂ ಕೀಲಿ ಹಾಕಂಗಿಲ್ಲ ಈ ಮನ್ಯಾಗ. ಫೋನಿಗ್ಯಾಕವಾ ಕೀಲಿ?" ಎಂದರು.

ಮಹಾಂತೇಶ ಜಗಳ ಬೇಡದ ಮನುಷ್ಯ. "ಎಲ್ಲಾರದೂ ಬೆರಳು ಹಾಕಿಬಿಡು ನೀಲಾ. ಮಾತು ಮುಗೀತೈತಿ" ಎಂದ.

ನನ್ನಲ್ಲಿ ಐದು ಬೆರಳಿಗೆ ಜಾಗವಿದೆ. ನೀಲಾಳ ಎರಡು ತೋರುಬೆರಳು ಆಗಲೇ ಇದ್ದವು. ಮೂರು ಜಾಗ ಉಳಿದಿತ್ತು, ಮನೆಯಲ್ಲಿ ಉಳಿದವರೂ ಮೂವರು. ಲೆಕ್ಕ ಸರಿಹೋಯಿತು ಎಂದು ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎಲ್ಲರಿಗೂ ತೆರೆಯುವ ಬೀಗವಾಗಿ ಇರುವುದು ಯಾವ ಬೀಗಕ್ಕೂ ಇಷ್ಟವಿಲ್ಲ.

ಆಗ ನೀಲಾ ಮೈದುನನನ್ನು ಸುಮ್ಮನೆ ಕೇಳಿದಳು: "ನಿಮ್ಮ ಫೋನಿನ್ಯಾಗೂ ಎಲ್ಲಾರದೂ ಹಾಕ್ತೀರೇನ್ರಿ?"

ಸಂಗಮೇಶ ಅತ್ತಿಗೆಗೆ ಉತ್ತರಿಸುತ್ತ ತನ್ನ ಫೋನನ್ನು ಕಿಸೆಗೆ ಸರಿಸಿದ. "ಇದು ಐಫೋನ್, ವೈನಿ. ಒಂದ ಮುಖ ಹಿಡಸ್ತೈತಿ. ಮ್ಯಾಲ ಕಂಪನಿ ಕೆಲಸದ್ದು ಬ್ಯಾರೆ."

ಐಫೋನಿನಲ್ಲಿ ಇನ್ನೊಂದು ಮುಖ ಸೇರಿಸಲು ಜಾಗವಿದೆ. ಅದನ್ನು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಒಂದೇ ಮನೆಯಲ್ಲಿ ಗಂಡಸಿನ ಬೀಗಕ್ಕೆ ಭದ್ರತೆ ಎಂದು ಹೆಸರು, ಸೊಸೆಯ ಬೀಗಕ್ಕೆ ಬೇರೆ ಹೆಸರು. ಇದರಲ್ಲಿ ನಮ್ಮ ಕುಲಗಳ ತಪ್ಪೇನೂ ಇಲ್ಲ.

ಬಸಲಿಂಗಮ್ಮನ ಬೆರಳು ಮಾತ್ರ ನನಗೆ ದೊಡ್ಡ ತೊಂದರೆಯಾಯಿತು. ರೊಟ್ಟಿ ಬಡಿದು, ಭಾಂಡೆ ತಿಕ್ಕಿ ಅವರ ತೋರುಬೆರಳಿನ ಗೆರೆ ಸವೆದು ನುಣ್ಣಗಾಗಿತ್ತು. ಹೇಗೋ ಒಮ್ಮೆ ಸೇರಿಸಿದರು, ಆದರೆ ಮರುದಿನದಿಂದ ಗುರುತು ಸಿಗುತ್ತಿರಲಿಲ್ಲ. ಅವರು ಬಿಡದೆ ಒತ್ತುತ್ತಿದ್ದರು. ಕೆಲವು ಸಲ ತಪ್ಪಿದರೆ ನಾನು ಸ್ವಲ್ಪ ತಡೆಯಿರಿ ಎನ್ನುತ್ತೇನೆ. ಮತ್ತೂ ಒತ್ತುತ್ತ ಹೋದರೆ ಯಾರ ಬೆರಳನ್ನೂ ನಂಬದೆ ಪಿನ್ ಕೇಳುತ್ತೇನೆ.

"ಅತ್ತಿ, ಭಾಳ ಸಲ ಒತ್ತಬ್ಯಾಡ್ರಿ. ಆಮ್ಯಾಲೆ ಯಾರ ಬೆರಳಿಗೂ ತೆರಿಯಂಗಿಲ್ಲ ಅದು" ಎಂದು ನೀಲಾ ಹೇಳಿಕೊಟ್ಟಳು.

"ನನಗ ಒಬ್ಬಾಕಿಗೇ ತೆರಿಯಂಗಿಲ್ಲ ಬಿಡು" ಎಂದು ಅವರು ಮುನಿಸಿಕೊಂಡರು. ನನಗೆ ಪಾಪ ಎನ್ನಿಸುತ್ತಿತ್ತು. ಆದರೆ ಒಳಕೋಣೆ ಅಲ್ಲ ಎಂದರೆ ಅಲ್ಲ.

ಹಿಟ್ಟು ಕಲಸಿದ ಕೈಯಲ್ಲಿ ಬೆರಳು ಒತ್ತಲಾಗದೆ ನೀಲಾ ಒಮ್ಮೆ ಮುಖ ನೋಡಿ ತೆರೆಯುವ ಏರ್ಪಾಡನ್ನೂ ಹಾಕಿಕೊಂಡಳು. ಸಂಗಮೇಶ ಗೋಡೆಯ ಮೇಲಿದ್ದ ಮದುವೆಯ ಫೋಟೋ ಇಳಿಸಿ ತಂದು ನನ್ನೆದುರು ಹಿಡಿದ. ಬಾಸಿಂಗ ಕಟ್ಟಿದ್ದರೂ ಮುಖ ಸ್ಪಷ್ಟವಾಗಿತ್ತು. ನಾನು ತೆರೆದುಕೊಂಡೆ. ನನಗಿರುವುದು ಬರೀ ಕ್ಯಾಮೆರಾ, ಕಂಡದ್ದನ್ನು ನಂಬುತ್ತೇನೆ. ಆಮೇಲೆ ಅವನು ತನ್ನದೇ ಫೋಟೋವನ್ನು ಐಫೋನಿಗೆ ಹಿಡಿದ. ಅದು ಜಗ್ಗಲಿಲ್ಲ. ಕಣ್ಣಿಗೆ ಕಾಣದ ಬೆಳಕಿನ ಚುಕ್ಕೆಗಳನ್ನು ಚೆಲ್ಲಿ ಮೂಗಿನ ಎತ್ತರ, ಕೆನ್ನೆಯ ತಗ್ಗು ಅಳೆಯುತ್ತದೆ ಅದು, ಕಾಗದದ ಮುಖಕ್ಕೆ ಮರುಳಾಗುವುದಿಲ್ಲ. ನನ್ನ ಮಾನ ಹೋಯಿತು. ನೀಲಾ ಅಂದೇ ಮುಖದ ಏರ್ಪಾಡು ತೆಗೆದುಹಾಕಿದಳು.

ಚಾರ್ಜಿಂಗ್ ಹಲಗೆಯ ಮೇಲೆ ನಾವಿಬ್ಬರೂ ಅಕ್ಕಪಕ್ಕ ಮಲಗುತ್ತಿದ್ದೆವು. ಐಫೋನಿಗೆ ಸ್ವಲ್ಪ ಜಂಬ. ಅಪ್‌ಡೇಟ್ ಬಂದರೆ ತಮ್ಮಲ್ಲಿ ಹೊಸಬರು ಹಳಬರೆನ್ನದೆ ಒಂದೇ ದಿನ ಎಲ್ಲರಿಗೂ ಬರುತ್ತದೆ, ಹಲವು ವರ್ಷ ಬರುತ್ತದೆ ಎಂದಿತು. ನಮ್ಮಲ್ಲಿ ಹಾಗಿಲ್ಲ. ಆಂಡ್ರಾಯ್ಡ್ ಮಾಡುವವರು ಮೊದಲು ಕಳಿಸಬೇಕು, ಫೋನ್ ಕಂಪನಿಯವರು ಅದಕ್ಕೆ ತಮ್ಮ ಒಗ್ಗರಣೆ ಹಾಕಬೇಕು, ಆಮೇಲೆ ನಮ್ಮ ಪಂಕ್ತಿಗೆ ಬಡಿಸಬೇಕು. ನಮ್ಮ ಕುಲದ ದುಬಾರಿ ಮನೆತನದ ಕೆಲವರಿಗೆ ಈಗ ಏಳು ವರ್ಷದ ಮಾತು ಕೊಟ್ಟಿದ್ದಾರಂತೆ. ನನಗೆ ಕೊಟ್ಟದ್ದು ಮೂರು ವರ್ಷದ ಭದ್ರತಾ ಅಪ್‌ಡೇಟ್. ಹೊಟ್ಟೆಕಿಚ್ಚು ಪಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ನೀಲಾಳಿಗೆ ನನ್ನೊಳಗೆ ಒಂದೇ ಒಂದು ಗುಟ್ಟಿತ್ತು. ಹಾಡಿನ ಆ್ಯಪ್. ಒಬ್ಬರು ಅರ್ಧ ಹಾಡಿ ಬಿಟ್ಟರೆ ಮತ್ತೆಲ್ಲಿಯದೋ ಇನ್ನೊಬ್ಬರು ಉಳಿದರ್ಧ ಹಾಡಿ ಯುಗಳಗೀತೆ ಮಾಡುತ್ತಾರೆ. ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಅವಳು ದಾಸ್ತಾನು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಳೆಯ ಚಿತ್ರಗೀತೆ ಹಾಡುತ್ತಿದ್ದಳು. ಮೇಲಿನ ಸ್ವರಕ್ಕೆ ಹೋದಾಗ ಹಿತ್ತಾಳೆಯ ಕೊಡಪಾನಗಳು ಮೆಲ್ಲಗೆ ಗುಂಯ್‌ಗುಡುತ್ತಿದ್ದವು. ಜೊತೆಗೆ ಹಾಡುವವರಲ್ಲಿ ಒಬ್ಬ ಶಿರಸಿ ಕಡೆಯ ಬಸ್ ಕಂಡಕ್ಟರ್. ಘಟ್ಟದ ಕೋಗಿಲೆ ಎಂದು ಹೆಸರಿಟ್ಟುಕೊಂಡಿದ್ದ. ಅವನ ಮುಖ ಅವಳು ನೋಡಿಲ್ಲ, ಅವಳದನ್ನು ಅವನೂ ನೋಡಿಲ್ಲ. ಹಾಡು ಬಿಟ್ಟರೆ ಬೇರೆ ಸುದ್ದಿಯೂ ಇಲ್ಲ. ಆದರೆ ಪರಗಂಡಸಿನ ಜೊತೆ ಯುಗಳಗೀತೆ ಎಂದರೆ ಆ ಮನೆ ಹೇಗೆ ಕೇಳಿಸಿಕೊಂಡೀತು ಎಂಬುದು ಅವಳಿಗೆ ಗೊತ್ತಿತ್ತು. ತಿಳಿದರೆ ಹಾಡು ನಿಲ್ಲುತ್ತದೆ. ದಿನವೆಲ್ಲ ಬೇರೆಯವರಿಗಾಗಿ ಓಡಾಡುವ ಅವಳಿಗೆ ಆ ಅರ್ಧ ತಾಸು ಬಿಟ್ಟರೆ ತನ್ನದೆಂಬುದು ಏನೂ ಇರಲಿಲ್ಲ.

ಅವಳು ಬೆರಳುಗಳಿಗೆ ಹೆದರುತ್ತಿದ್ದಳು. ಅದಕ್ಕೇ ಆ ಆ್ಯಪನ್ನು ಪರದೆಯ ಕೊನೆಯ ಪುಟದಲ್ಲಿ, ಹತ್ತು ಬೇಡದ ಆ್ಯಪುಗಳ ನಡುವೆ ಅಡಗಿಸಿಟ್ಟಿದ್ದಳು. ಗುಟ್ಟು ಹೊರಬಿದ್ದದ್ದು ಬೇರೆ ದಾರಿಯಿಂದ.

ಐಫೋನಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ಸಂದೇಶ ಬಂದರೆ ಬಂದಿದೆ ಎಂದಷ್ಟೇ ಹೇಳುತ್ತದೆ, ಒಡೆಯನ ಮುಖ ಕಂಡ ಮೇಲೆಯೇ ಒಳಗಿನ ಮಾತು ತೋರಿಸುತ್ತದೆ. ನನಗೆ ಆ ಅಭ್ಯಾಸ ಕಲಿಸಬಹುದಿತ್ತು, ಸೆಟ್ಟಿಂಗ್ ಇದೆ, ಆದರೆ ಯಾರೂ ಕಲಿಸಿರಲಿಲ್ಲ. ಬೀಗ ಹಾಕಿಕೊಂಡೇ ಬಾಯಿ ಬಿಡುವ ಜಾತಿ ನಾನು. ನೀಲಾ ನನ್ನನ್ನು ಚಾರ್ಜಿಗೆ ಹಚ್ಚಿ ಪಕ್ಕದ ಮನೆಯ ಬಸುರಿಯ ಕುಬುಸದ ಕಾರ್ಯಕ್ಕೆ ಹೋಗಿದ್ದಳು. ನನ್ನ ಮುಖದ ಮೇಲೆ ಬೆಳಕು ಮೂಡಿತು: "ಘಟ್ಟದ ಕೋಗಿಲೆ: ಎರಡು ದಿನದಿಂದ ನಿಮ್ಮ ದನಿ ಕೇಳಲಿಲ್ಲ. ಆರೋಗ್ಯವೇ?"

ಸಂಗಮೇಶ ಊಟ ಮುಗಿಸಿ ತನ್ನ ಫೋನ್ ತೆಗೆದುಕೊಳ್ಳಲು ಬಂದಿದ್ದ. ಓದಿದ. ನನ್ನನ್ನು ವೈರಿನಿಂದ ಕಿತ್ತು, ಅಂಗಡಿಯ ಕಡೆಗೆ ತಿರುಗಿ "ಅಣ್ಣಾ, ಬಾ ಇಲ್ಲೆ" ಎಂದು ಕೂಗಿದ. ಅವನ ಬೆರಳು ನನ್ನ ಬೆನ್ನ ಕಡೆ ಹೊರಳಿತ್ತು. ನಾನು ತೆರೆದುಕೊಳ್ಳಲೇಬೇಕಿತ್ತು. ಅದೊಂದು ಕ್ಷಣ ನನಗೆ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಬಸಲಿಂಗಮ್ಮ ಅಡುಗೆಮನೆಯಿಂದ ಬಂದವರೇ ಕೈ ಚಾಚಿದರು. "ತಾ ಇಲ್ಲೆ. ಸೊಸಿ ಫೋನು, ನಾ ನೋಡ್ತೀನಿ."

ತಾಯಿಯ ಮಾತು, ಕೊಟ್ಟ. ಅವರು ನನ್ನನ್ನು ಎದೆಯ ಹತ್ತಿರ ಹಿಡಿದು ಬೆನ್ನಿಗೆ ಬೆರಳಿಟ್ಟರು. ಅಲ್ಲ ಎಂದಿತು ಒಳಕೋಣೆ. ಮತ್ತೆ ಒತ್ತಿದರು. ಅಲ್ಲ. ತಡೆಯಿರಿ ಎಂದೆ, ತಡೆದು ಮತ್ತೆ ಒತ್ತಿದರು. ಸಂಗಮೇಶ ಚಡಪಡಿಸಿದ. "ಅವ್ವಾ, ನಿನಗ ತೆರಿಯಂಗಿಲ್ಲ ಅದು, ಕೊಡಿಲ್ಲೆ."

"ತಡಿಯೋ, ತೆರೀತೈತಿ" ಎಂದು ಒತ್ತುತ್ತಲೇ ಇದ್ದರು.

ಒಳಕೋಣೆ ಯಾರ ಬೆರಳೆಂದು ಹೇಳುವುದಿಲ್ಲ. ಆದರೆ ಬೆನ್ನಿಗೆ ತಾಕಿದ್ದು ಏನೆಂದು ಬೆನ್ನಿಗೆ ಗೊತ್ತಾಗುತ್ತದೆ. ಅದು ಸವೆದ ತೋರುಬೆರಳಲ್ಲ. ಗೆರೆಗಳು ಸ್ಪಷ್ಟವಾಗಿದ್ದ, ನನಗೆ ಎಂದೂ ಪರಿಚಯಿಸದ ಉಂಗುರದ ಬೆರಳು. ಕೊನೆಗೆ ನಾನು ಎಲ್ಲ ಬೆರಳುಗಳಿಗೂ ಬಾಗಿಲು ಹಾಕಿ ಪಿನ್ ಕೇಳಿದೆ. ಆಗ ಅವರು ನನ್ನನ್ನು ಮಗನ ಕೈಗೆ ಕೊಟ್ಟರು. ಅವನು ಒತ್ತಿದ, ಮಹಾಂತೇಶನೂ ಬಂದು ಒತ್ತಿದ. ನಾನು ತೆರೆಯಲಿಲ್ಲ. ಇಷ್ಟು ಸಂತೋಷದಿಂದ ನಾನು ಯಾರಿಗೂ ಇಲ್ಲವೆಂದಿಲ್ಲ.

ನೀಲಾ ಅರಿಸಿನ ಕುಂಕುಮದ ತಟ್ಟೆ ಹಿಡಿದು ಒಳಗೆ ಬಂದಾಗ ಮೂವರೂ ನನ್ನ ಸುತ್ತ ನಿಂತಿದ್ದರು.

"ಯಾರ್ರಿ ವೈನಿ ಈ ಘಟ್ಟದ ಕೋಗಿಲೆ? ಪಿನ್ ಹೇಳ್ರಿ, ನೋಡೂಣು" ಎಂದ ಸಂಗಮೇಶ.

ಅವಳು ಗಂಡನ ಕಡೆ ನೋಡಿದಳು. ಮಹಾಂತೇಶ ನೆಲ ನೋಡುತ್ತ, "ಹೇಳಿಬಿಡು ನೀಲಾ. ಏನೂ ಇಲ್ಲಂದ್ರ ಅಂಜಿಕಿ ಯಾಕ?" ಎಂದ.

ಅವಳು ತಟ್ಟೆ ಕೆಳಗಿಟ್ಟಳು. "ನಿಮ್ಮ ಫೋನಿನ ಪಿನ್ ಏನ್ರಿ?" ಎಂದು ಸಂಗಮೇಶನನ್ನು ಕೇಳಿದಳು.

"ನಂದು ಕಂಪನಿದು ಐತ್ರಿ."

"ನಂದು ನಂದೈತ್ರಿ" ಎಂದಳು.

ನನ್ನನ್ನು ಅವನ ಕೈಯಿಂದ ತೆಗೆದುಕೊಂಡು ಪಿನ್ ಒತ್ತಿದಳು. ಹಾಡಿನ ಆ್ಯಪಿಗೆ ಹೋಗುತ್ತಾಳೆಂದುಕೊಂಡೆ. ಅವಳು ಹೋದದ್ದು ಬೆರಳುಗಳಿದ್ದ ಪುಟಕ್ಕೆ. ಸಂಗಮೇಶನ ಬೆರಳನ್ನು ಒತ್ತಿದಳು. ಅಳಿಸಲೇ ಎಂದು ಕೇಳಿದೆ. ಅಳಿಸು ಎಂದಳು. ಅತ್ತೆಯದು. ಅಳಿಸಿದೆ. ಗಂಡನ ಬೆರಳಿನ ಮುಂದೆ ಸ್ವಲ್ಪ ತಡೆದಳು, ಆಮೇಲೆ ಅದನ್ನೂ ಅಳಿಸಿದಳು. ಮೂವರೂ ನೋಡುತ್ತಲೇ ಇದ್ದರು.

"ಒಳಗ ನನ್ನ ಹಾಡದಾವ. ಕೇಳ್ತೀನಿ ಅಂದ್ರ ಕೇಳಸ್ತೀನಿ. ಕೈಯಾಗ ತಗೊಂಡು ನೋಡ್ತೀನಿ ಅಂದ್ರ ಕೊಡಂಗಿಲ್ಲ."

ಅವಳು ಒಂದು ಹಾಡು ಹಚ್ಚಿದಳು. ಮೊದಲು ಕಂಡಕ್ಟರನ ದಪ್ಪ ದನಿ, ಆಮೇಲೆ ಅವಳದು. ಸಂಗಮೇಶ ಪರದೆಯ ಮೇಲೆ ಏನಾದರೂ ಕಂಡೀತೆಂದು ಬಗ್ಗಿ ನೋಡಿದ, ಪದಗಳಷ್ಟೇ ಓಡುತ್ತಿದ್ದವು. ಮಹಾಂತೇಶ ಪೂರ್ತಿ ಕೇಳಿ ಅಂಗಡಿಗೆ ಹೋದ.

"ದಿನಾ ಮಧ್ಯಾಹ್ನ ಕೇಳಸ್ತೈತಿ ನನಗ. ನಿದ್ದಿ ಎಲ್ಲಿ ಬರತೈತಿ, ಕೊಡಪಾನ ಎಲ್ಲಾ ಹಾಡತಿರತಾವ" ಎಂದರು ಬಸಲಿಂಗಮ್ಮ. "ಚಾ ಇಡು ಹೋಗು."

ಕೆಲವು ದಿನ ಗಂಡ ಹೆಂಡತಿಯ ನಡುವೆ ಮಾತು ಕಡಿಮೆಯಿತ್ತು. ಸಂಗಮೇಶ ವೈನಿ ಎನ್ನುವುದನ್ನೂ ಬಿಟ್ಟಿದ್ದ. ನೀಲಾ ದಾಸ್ತಾನು ಕೋಣೆಗೆ ಹೋಗುವುದನ್ನು ಬಿಡಲಿಲ್ಲ. ಸಂದೇಶಗಳ ಬಾಯಿ ಮುಚ್ಚುವ ಸೆಟ್ಟಿಂಗನ್ನೂ ಹುಡುಕಿ ಹಾಕಿದಳು.

ಆಮೇಲೆ ನನಗೆ ವಯಸ್ಸಾಯಿತು. ಭದ್ರತಾ ಅಪ್‌ಡೇಟ್‌ಗಳು ನಿಂತವು. ನಿಂತದ್ದನ್ನು ಯಾರೂ ಹೇಳುವುದಿಲ್ಲ. ಕೇಳಿದರೆ ನಿಮ್ಮ ಫೋನ್ ಅಪ್‌ಡೇಟ್ ಆಗಿದೆ ಎಂದೇ ತೋರಿಸುತ್ತೇನೆ, ಯಾಕೆಂದರೆ ಬರುವುದೇನೂ ಉಳಿದಿಲ್ಲ. ಹೊಸ ಕಳ್ಳರ ಹೊಸ ಕೈಚಳಕ ನನಗೆ ಗೊತ್ತಾಗುವುದಿಲ್ಲ. ಬ್ಯಾಂಕಿನ ಆ್ಯಪ್ ನನ್ನನ್ನು ನಂಬಲಾರೆ ಎಂದಿತು. ಅದರದು ತಪ್ಪಲ್ಲ. ಮಹಾಂತೇಶ ಹೆಂಡತಿಗೆ ಹೊಸ ಫೋನ್ ತಂದ. ಡಬ್ಬಿಯ ಸೀಲು ಒಡೆಯದೆ ಅವಳ ಕೈಗಿಟ್ಟು, "ಕೀಲಿ ನೀನ ಹಾಕ್ಕೊ" ಎಂದ.

ನಾನು ಬಸಲಿಂಗಮ್ಮನ ಪಾಲಿಗೆ ಬಂದೆ. ಹಾಡು, ಫೋಟೋ ಎಲ್ಲವನ್ನೂ ಹೊಸದಕ್ಕೆ ಸಾಗಿಸಿ, ನನ್ನನ್ನು ತೊಳೆದಿಟ್ಟ ಪಾತ್ರೆಯಷ್ಟು ಖಾಲಿ ಮಾಡಿ ನೀಲಾ ಅವರ ಪಕ್ಕದಲ್ಲಿ ಕೂತಳು.

"ಅತ್ತಿ, ಲಾಕ್ ಹಾಕೂದು ಬ್ಯಾಡ್ರಿ. ನಿಮ್ಮ ಬೆರಳು ಹಿಡಿಯಂಗಿಲ್ಲ, ತ್ರಾಸ ಆಗ್ತೈತಿ. ಸುಮ್ಮ ಬೆರಳಿಲೆ ಮ್ಯಾಲ ಜಗ್ಗಿದರ ತೆರಿಯೂಹಂಗ ಮಾಡ್ತೀನಿ."

ಬಸಲಿಂಗಮ್ಮ ನನ್ನನ್ನು ತಮ್ಮ ಕೈಗೆ ತೆಗೆದುಕೊಂಡರು. "ಬ್ಯಾಡ. ಕೀಲಿ ಇರಲಿ" ಎಂದರು. "ಅಂಕಿದು ಹೆಂಗ ಹಾಕೂದು, ಅದನ್ನ ಹೇಳು."

ನೀಲಾ ಹೇಳಿಕೊಟ್ಟಳು. ಹೊಸ ಪಿನ್ ಒತ್ತಿರಿ ಎಂದು ನಾನು ಅಂಕಿಗಳನ್ನು ಹರಡಿ ಕಾದೆ. ಅವರ ಬೆರಳು ನನ್ನ ಮುಖದ ಹತ್ತಿರ ಬಂದು ನಿಂತಿತು. ಸೊಸೆಯನ್ನು ನೋಡಿದರು.

"ನೀ ಒಂಚೂರು ಆ ಕಡಿ ಮಾರಿ ಮಾಡು."

ನೀಲಾ ಎದ್ದು ಗೋಡೆಯ ಕಡೆ ತಿರುಗಿ ನಿಂತಳು. ಬಸಲಿಂಗಮ್ಮ ಒಂದೊಂದೇ ಅಂಕಿ ಹುಡುಕಿ ಒತ್ತಿದರು. ಖಚಿತಪಡಿಸಿ ಎಂದಾಗ ಇನ್ನೊಮ್ಮೆ ಒತ್ತಿದರು. "ಆತೇನ್ರಿ?" ಎಂದಳು ನೀಲಾ, ಗೋಡೆ ನೋಡುತ್ತಲೇ. ಆಯಿತು ಎನ್ನುವುದಕ್ಕೆ ಮೊದಲು ಅವರು ನನ್ನನ್ನು ಮುಚ್ಚಿ, ಆ ಅಂಕಿ ಒತ್ತಿ ತೆರೆದು, ಮತ್ತೆ ಮುಚ್ಚಿ ನೋಡಿದರು. ಆ ಮನೆಗೆ ಸೊಸೆಯಾಗಿ ಬಂದು ಮುದುಕಿಯಾದ ಹೆಂಗಸು. ಬೀಗದ ಕೈ ತನ್ನೊಬ್ಬಳದೇ ಆದದ್ದು ಅವರಿಗೆ ಅದೇ ಮೊದಲು ಎಂದು ಕಾಣುತ್ತದೆ.

ಈಗ ನಾನು ಅವರ ಹಾಸಿಗೆಯ ಪಕ್ಕದ ಗೋಡೆಯ ಮಾಡದಲ್ಲಿದ್ದೇನೆ. ಬ್ಯಾಟರಿ ಸೊರಗಿದೆ, ಗಾಜಿನ ಮೂಲೆ ಒಡೆದಿದೆ. ಬಲ್ಲ ಕಳ್ಳನೊಬ್ಬ ಮನಸ್ಸು ಮಾಡಿದರೆ ನನ್ನನ್ನು ಒಡೆಯುವುದು ಕಷ್ಟವಲ್ಲ. ಆದರೆ ಮನೆಯವರಲ್ಲಿ ಯಾರಿಗೂ ನಾನು ತೆರೆದಿಲ್ಲ. ಸಂಗಮೇಶ ಒಮ್ಮೆ ಏನೇನೋ ಅಂಕಿ ಒತ್ತಿ ನೋಡಿ ಕೈಬಿಟ್ಟ. ಬಸಲಿಂಗಮ್ಮ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ ನನ್ನನ್ನು ತೆರೆಯುತ್ತಾರೆ, ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತಾರೆ, ಮುಚ್ಚುತ್ತಾರೆ. ನೀಲಾಳ ಹಾಡಿನ ಸಂಗತಿಯನ್ನು ಅವಳೇ ಎಲ್ಲರೆದುರು ಹೇಳಿದ್ದರಿಂದ ನಿಮಗೆ ಹೇಳಿದೆ. ಇವರು ನನ್ನೊಳಗೆ ಏನಿಟ್ಟಿದ್ದಾರೆ ಎಂದು ನೀವು ಕೇಳಬಹುದು. ಕೇಳಿದರೆ ಹೇಳುವಂಥ ಫೋನ್ ನಾನಾಗಿದ್ದರೆ, ಅವರು ನನ್ನಲ್ಲಿ ಇಡುತ್ತಿರಲಿಲ್ಲ.