ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆ

ನಮ್ಮ ಬೀದಿಯ ದರ್ಜಿ ಅಳತೆಯಲ್ಲಿ ಎಂದೂ ತಪ್ಪಿದವನಲ್ಲ. ಮಾತ್ರೆ ನುಂಗುವ ವಿಷಯದಲ್ಲಿ ಎಡವಿಬಿಟ್ಟ.

ಹೊಲಿಯುತ್ತಾ ಕೂತಿದ್ದಾಗಲೇ ಅವನಿಗೆ ಫಿಟ್ಸ್ ಬಂದಿತ್ತು. ಸ್ಕ್ಯಾನ್ ಮಾಡಿದರೆ ಮಿದುಳಿನಲ್ಲಿ ಲಾಡಿಹುಳದ ಮರಿ! ಡಾಕ್ಟರು ಫಿಟ್ಸ್ ತಡೆಯಲು, ಹುಳ ಸಾಯಿಸಲು, ಊತ ತಗ್ಗಿಸಲು ಬೇರೆ ಬೇರೆ ಮಾತ್ರೆ ಕೊಟ್ಟು ಕಳಿಸಿದ್ದರು. ಆದರೂ ಇವತ್ತು ತಲೆ ಸಿಡಿಯುವಷ್ಟು ನೋವು, ವಾಂತಿ. ಹೆಂಡತಿ ಗುಂಡಿ ಡಬ್ಬಿ ಎತ್ತಿಡಲು ಹೋದರೆ ಊತದ ಮಾತ್ರೆಗಳೆಲ್ಲ ಅದರಲ್ಲೇ ಇವೆ. ಗಾಬರಿಯಿಂದ ಎದುರು ಮನೆಯ ನರ್ಸನ್ನು ಕೂಗಿದಳು.

ನರ್ಸ್ ಬಂದವರೇ ಆಸ್ಪತ್ರೆ ಗಾಡಿಗೆ ಫೋನ್ ಮಾಡಿದರು. “ಯಾಕಪ್ಪಾ ಇದನ್ನ ನುಂಗಲಿಲ್ಲ?”

“ಅದು ಮೈಯಲ್ಲಿರೋ ರೋಗ ತಡೆಯೋ ಶಕ್ತೀನೇ ತಗ್ಗಿಸುತ್ತಂತೆ ಅಕ್ಕ. ಹುಳದ ಜೊತೆ ಹೋರಾಡೋಕೆ ಶಕ್ತಿ ಬೇಡ್ವಾ?”

“ಆ ಹುಳ ಮಹಾ ಕಿಲಾಡಿ. ಬದುಕಿರೋವರೆಗೂ ನಮ್ಮ ಮೈ ಕಾಯೋ ಕಣಗಳ ಕಣ್ಣಿಗೆ ಮಣ್ಣೆರಚಿ ಕೂತಿರುತ್ತೆ. ಸಾಯೋಕೆ ಶುರುವಾದಾಗ ಬಣ್ಣ ಬಯಲಾಗುತ್ತೆ. ಆಗ ಅವೆಲ್ಲ ಒಟ್ಟಿಗೇ ಮುಗಿಬೀಳ್ತವೆ. ಆ ಗಲಾಟೆಗೇ ಮಿದುಳು ಊದ್ಕೊಳ್ಳೋದು. ಅದನ್ನ ತಗ್ಗಿಸೋಕೇ ಈ ಮಾತ್ರೆ. ಅಂಗಿ ಬಿಗಿಯಾದ್ರೆ ನೀನು ಹೊಲಿಗೆ ಬಿಚ್ತೀಯ. ತಲೆಬುರುಡೆ ಬಿಚ್ಚೋಕಾಗುತ್ತಾ?”

ನೋವಿನಲ್ಲೂ ಅವನಿಗೆ ನಗು ಬಂತು. “ಅಲ್ಲಕ್ಕಾ, ಮಾಂಸ ತಿನ್ನೋಳು ಇವಳು. ನಾನು ಮುಟ್ಟೋದೂ ಇಲ್ಲ. ನನಗೆ ಹೇಗೆ ಬಂತು ಈ ಹುಳ?”

“ಸರಿಯಾಗಿ ಬೇಯದ ಹಂದಿ ಮಾಂಸದಿಂದ ಹುಳ ಹೊಟ್ಟೆ ಸೇರುತ್ತೆ. ಹಾಗೆ ಹುಳ ಇರೋರು ಕಕ್ಕಸಿಗೆ ಹೋಗಿ ಕೈ ತೊಳೀದಿದ್ರೆ, ಅದರ ಮೊಟ್ಟೆ ಇನ್ನೊಬ್ಬರ ಊಟಕ್ಕೆ ಬೀಳುತ್ತೆ. ಮಿದುಳಿಗೆ ಹೋಗೋದು ಆ ಮೊಟ್ಟೆಯಿಂದ ಬಂದ ಮರಿ.”

ಹೆಂಡತಿ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. “ರೀ, ಬಚ್ಚಿಡೋ ಮೊದಲು ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ತಪ್ಪಾಯ್ತು ಕಣೇ. ಇನ್ಮೇಲೆ ನೀನೇ ಕೊಡು, ನುಂಗ್ತೀನಿ.”

ಆಸ್ಪತ್ರೆಯಲ್ಲಿ ಊತ ಇಳಿಯಿತು. ದರ್ಜಿ ಉಳಿದುಕೊಂಡ. ಮನೆಯವರ ಮಲ ಪರೀಕ್ಷೆ ಮಾಡಿದಾಗ ಲಾಡಿಹುಳ ಸಿಕ್ಕಿದ್ದು ಹೆಂಡತಿಯ ಹೊಟ್ಟೆಯಲ್ಲಿ. ಪಾಪ, ಅವಳಿಗೆ ಅದರ ಸುಳಿವೇ ಇರಲಿಲ್ಲ. ಔಷಧಿಯಿಂದ ಹುಳ ಹೋದ ಮೇಲೂ ಗಂಡನಿಗೆ ಬಡಿಸಲು ಹೋಗಿ ಅವಳು ಸೌಟು ಕೆಳಗಿಟ್ಟುಬಿಟ್ಟಳು.

ಅವನೇ ಸೋಪು ಹಚ್ಚಿ ಅವಳ ಕೈ ತೊಳೆದ, ತನ್ನದನ್ನೂ ತೊಳೆದುಕೊಂಡ. “ಬೇಕಂತ ಮಾಡಿದ್ಯಾ ನೀನು? ಬಡಿಸು, ಹಸಿವಾಗ್ತಿದೆ” ಎಂದ.

ಅಕ್ಕಂದಿರೇ, ಅಣ್ಣಂದಿರೇ, ಡಾಕ್ಟರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮಾಂಸವನ್ನು ಚೆನ್ನಾಗಿ ಬೇಯಿಸಿ. ಕಕ್ಕಸಿನಿಂದ ಬಂದ ಮೇಲೆ, ಅಡುಗೆ ಮಾಡುವ, ಊಟಕ್ಕೆ ಕೂರುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ನೀವು ಪ್ರೀತಿಯಿಂದ ಕೊಡುವ ತುತ್ತಿನಲ್ಲಿ ಪ್ರೀತಿಯಷ್ಟೇ ಇರಲಿ.