ಅಪ್ಪ ತುಳಿದ ನೆಲ

ಅಪ್ಪನನ್ನು ಮಣ್ಣು ಮಾಡಿ ಹಿಂತಿರುಗುವಾಗ ಹಿರಿಮಗಳಿಗೆ ಸಾಕುಸಾಕಾಗಿ ಹೋಗಿತ್ತು. "ಯುದ್ಧದ ಕಥೆ ಏನಾದ್ರೂ ಹೇಳ್ತಿದ್ರಾ?" ಎಂದು ಬೆಳಗಿನಿಂದ ಬಂದವರೆಲ್ಲ ಕೇಳಿ ಕೇಳಿ ಅವಳ ತಲೆ ತಿಂದಿದ್ದರು. ಹೇಳಿದ್ದರೆ ತಾನೇ! ಸೈನ್ಯದಲ್ಲಿದ್ದಾಗ ನೆಲದಡಿ ಹೂತಿಟ್ಟ ಬಾಂಬುಗಳ ನಡುವೆ ನಡೆದು ಜೀವ ಉಳಿಸಿಕೊಂಡು ಬಂದ ಆ ಮನುಷ್ಯ ಮನೆಯವರಿಗೆ ಕಲಿಸಿದ್ದು ಒಂದೇ ಪಾಠ: ಹೊಲದಲ್ಲಿ ತಾನು ಮುಂದೆ, ಉಳಿದವರು ತನ್ನ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದೆ. ಊರವರು ನಕ್ಕರೂ ಬಿಡಲಿಲ್ಲ.

"ಮದುವೆಯಾಗಿ ನಲವತ್ತು ವರ್ಷ ಆಯ್ತು, ನಿಮ್ಮಪ್ಪನ ಮುಖಕ್ಕಿಂತ ಬೆನ್ನೇ ಹೆಚ್ಚು ನೋಡಿದೀನಿ" ಎಂದು ಅಮ್ಮ ಗೊಣಗುತ್ತಿದ್ದಳು.

ಮನೆ ಸೇರಲು ಈಗ ಅದೇ ಹೊಲ ದಾಟಬೇಕಿತ್ತು. ಅಂಚಿಗೆ ಬಂದ ಮಗಳು ಗಕ್ಕನೆ ನಿಂತಳು. ಅವಳ ಹಿಂದೆ ತಮ್ಮ, ಅವನ ಹೆಂಡತಿ, ಕೊನೆಗೆ ಅಮ್ಮ, ಎಲ್ಲರೂ ಅಭ್ಯಾಸಬಲದಿಂದ ಸಾಲಾಗಿ ನಿಂತರು.

"ಯಾಕಕ್ಕಾ ನಿಂತೆ?" ಎಂದ ತಮ್ಮ.

"ಮುಂದೆ ಯಾರೂ ಇಲ್ವಲ್ಲೋ."

ಅಮ್ಮ ಸಾಲು ಬಿಟ್ಟು ಬಂದು ಮಗಳ ಪಕ್ಕದಲ್ಲಿ ನಿಂತಳು.

"ನಡಿಯೇ. ಈ ಹೊಲದಲ್ಲಿ ನಿಮ್ಮಪ್ಪ ತುಳೀದೆ ಬಿಟ್ಟಿರೋ ಜಾಗ ಎಲ್ಲಿದೆ ಹೇಳು?"