ತೆರೆದ ಕಣ್ಣಿನ ಹತ್ತು ನಿಮಿಷ

ಸಿಟ್ಟು ಬಂದಾಗ ಚಂದಮ್ಮ ಟೀಚರರ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಎಷ್ಟೆಂದರೆ ಕೊನೆಯ ಬೆಂಚಿನ ಮಕ್ಕಳು ಉಸಿರು ಬಿಗಿಹಿಡಿದು ಕೇಳಬೇಕಾಗುತ್ತಿತ್ತು. ಬಸ್ಸು ಹೊರಟೇಬಿಟ್ಟಿತೆಂಬಂತೆ ಮುಂದಕ್ಕೆ ಬಾಗಿದ ನಡಿಗೆ, ಬಿಸಿಲಲ್ಲೂ ಕಳಚದ ಕಂದು ಸ್ವೆಟರು, ಮಾತಿಗೊಮ್ಮೆ "ಹಾಂ, ಜರಾ ತಡೀರಿ". ಹದಿನಾಲ್ಕು ವರ್ಷ ಹುಮನಾಬಾದಿನಿಂದ ಬಸವಕಲ್ಯಾಣದ ಶಾಲೆಗೆ ಹೀಗೇ ಬಂದುಹೋದವರು. ಆ "ತಡೀರಿ" ಬಹುಪಾಲು ತಮ್ಮ ಸಿಟ್ಟಿಗೇ ಹೇಳಿಕೊಂಡದ್ದು.

ಆರನೆಯ ತರಗತಿಯಲ್ಲಿ ಮೋರಖಂಡಿ ಹಳ್ಳಿಯ ಶೀತಲ ಇದ್ದಳು. ಹಿಂದಿನಿಂದ ಯಾರಾದರೂ ಸುಳಿದರೆ ಸಾಕು, ತಿರುಗಿ ಹೊಡೆಯುವಳು. ಗೆಳತಿಯ ತೋಳಿಗೆ ಕೈವಾರ ಚುಚ್ಚಿದ ದಿನ ಮುಖ್ಯೋಪಾಧ್ಯಾಯ ಏಕನಾಥ ಸರ್ ಟಿ.ಸಿ. ಬರೆಯಲು ಕುಳಿತರು. ಈ ಶಾಲೆ ಬಿಟ್ಟರೆ ಮನೆಯವರು ಇವಳನ್ನು ಮತ್ತೆ ಓದಿಸುವುದಿಲ್ಲವೆಂದು ಬಲ್ಲ ಟೀಚರು ಒಂದು ವಾರದ ಗಡುವು ಬೇಡಿದರು.

"ಇನ್ನೊಬ್ಬರಿಗಿ ಆಕೀ ಕೈ ಹತ್ತಿತಂದ್ರ ನನ್ನ ಕೇಳಬ್ಯಾಡ್ರಿ," ಎಂದರು ಸರ್.

ಮರುದಿನದಿಂದಲೇ ಟೀಚರು ಶಿಕ್ಷಕರ ತರಬೇತಿಯಲ್ಲಿ ಕಲಿತ ಧ್ಯಾನ ತರಗತಿಯಲ್ಲಿ ಶುರುವಾಯಿತು: ಬೆನ್ನು ನೇರ, ಕಣ್ಣು ಮುಚ್ಚಿ, ಹತ್ತು ನಿಮಿಷ ಉಸಿರಿನ ಮೇಲೆ ಗಮನ. ಉಗುರು ಕಚ್ಚುವವರು ಕಚ್ಚುವುದನ್ನು ಬಿಟ್ಟರು, ಪಾಠ ಒಪ್ಪಿಸುವ ಮುನ್ನ ಅಳುವವರು ಅಳು ನಿಲ್ಲಿಸಿದರು. ಶೀತಲ ಮಾತ್ರ ಮತ್ತೆ ಮತ್ತೆ ಕಣ್ಣು ತೆರೆಯುತ್ತಿದ್ದಳು.

ಐದನೆಯ ದಿನ ಏಕನಾಥ ಸರ್ ಬಾಗಿಲಲ್ಲಿ ನಿಂತರು. ಶೀತಲ ಕಣ್ಣು ತೆರೆದಳು. "ಮುಚ್ಚು," ಎಂದ ಟೀಚರರ ದನಿ ಇಳಿಯಿತು. ಮತ್ತೆ ತೆರೆದಳು. ಟೀಚರು ಬೆಂಚುಗಳ ನಡುವೆ ಹಾದು ಅವಳ ಬೆನ್ನ ಹಿಂದೆ ಬಂದದ್ದೇ ತಡ, ಸ್ಟೀಲಿನ ನೀರಿನ ಬಾಟಲಿ ಎತ್ತಿದ ಶೀತಲಳ ಕೈ ಗಿರ್ರನೆ ತಿರುಗಿ, ಅವರ ಕಪಾಳದ ಬಳಿ ಗಕ್ಕನೆ ನಿಂತಿತು. ಸರ್ ಒಳಗೆ ಹೆಜ್ಜೆಯಿಟ್ಟರು.

"ತಡೀರಿ, ಸರ್." ಟೀಚರು ಕದಲಲಿಲ್ಲ. "ಯಾಕವ್ವ, ಕಣ್ಣ ಮುಚ್ಚಾಕ ಏನಾಗತದ?"

"ಮುಚ್ಚಿದ್ರ ಯಾರು ಹೊಡ್ಯಾಕ ಬರಾಕತ್ತಾರಂತ ಕಾಣಂಗಿಲ್ರಿ."

ಟೀಚರರ ಮುಖ ಕಳೆಗುಂದಿತು. ಪ್ರತಿ ಬೆಳಗ್ಗೆ ಎಡ ಅಂಗೈಯ ಇಷ್ಟಲಿಂಗವನ್ನು ಎವೆಯಿಕ್ಕದೆ ನೋಡುತ್ತ ಕೂರುವವರು ಅವರು. ಅವರ ಮುಂಗೋಪವನ್ನು ಪಳಗಿಸಿದ್ದು ಆ ತೆರೆದ ಕಣ್ಣೇ. ಅದು ಮನೆಯ ಪೂಜೆ, ಇದು ಶಾಲೆಯ ಪಾಠವೆಂದು ಬೇರೆಯಾಗಿಸಿ, ತಾವೇ ಎಂದೂ ಮಾಡದ್ದನ್ನು ಈ ಕೂಸಿನ ಮೇಲೆ ಹೇರಿದ್ದರು.

ಅವಳೆದುರು ನೆಲದ ಮೇಲೆ ಕುಳಿತರು. "ತಪ್ಪ ನಂದವ್ವ. ಗ್ವಾಡಿಗಿ ಬೆನ್ನ ಹಚ್ಚಿ ಕೂಡು. ಕಣ್ಣ ತೆರದೇ ಇರಲಿ, ನಿನ್ನ ಬರೀ ಅಂಗೈ ನೋಡು. ನಾನೂ ನೋಡತೀನಿ."

ಬಾಟಲಿ ಮೆಲ್ಲಗೆ ಕೆಳಗಿಳಿಯಿತು. ಶೀತಲ ಗೋಡೆಗೆ ಆತು ಕುಳಿತಳು.

"ಕೈ ಯಾರಿಗೂ ಹತ್ತಿಲ್ರಿ, ಸರ್," ಎಂದರು ಟೀಚರು, ನೆಲದಿಂದಲೇ ಕತ್ತೆತ್ತಿ.

ಸರ್ ಇನ್ನೊಂದು ವಾರ ಕೊಟ್ಟು ಹೋದರು. ಆ ಸಂಜೆ ಟೀಚರು ಹುಮನಾಬಾದಿನ ಬಸ್ಸು ಬಿಟ್ಟು ಮೋರಖಂಡಿಗೆ ಹೋದರು. ಆ ಮನೆಯಲ್ಲಿ ಯಾರಿಗೆ ಏನು ಹೇಳಿದರೋ. ಮರುದಿನ ತಾಯಿ ಸೋನುಬಾಯಿ ಮಗಳ ಕೈಹಿಡಿದು ಗೇಟಿನ ತನಕ ಬಂದಿದ್ದಳು. ಶೀತಲ ಸಾಧುವಾಗಲಿಲ್ಲ, ಬೈಗುಳವನ್ನೂ ಬಿಡಲಿಲ್ಲ. ಆದರೆ ಮುಂದಿನ ವರ್ಷ ಏಳನೆಯ ತರಗತಿಯ ಹಾಜರಿಯಲ್ಲಿ ಅವಳ ಹೆಸರಿತ್ತು.

ಹುಟ್ಟಾ ಶಾಂತರು ಶಾಂತಿಯನ್ನು ಕಲಿಸಲಾರರೇನೋ. ಅದನ್ನು ದಿನಾ ಬೆಳಗ್ಗೆ ಹೊಸದಾಗಿ ಗಳಿಸಬೇಕಾದವರೇ ಬೇಕು. ತಾವಿನ್ನೂ ಕಲಿಯುತ್ತಿರುವವರಾದ್ದರಿಂದ, ಮಗುವಿನೆದುರು ತಪ್ಪೊಪ್ಪಿಕೊಳ್ಳುವುದು ಅವರಿಗೆ ಅವಮಾನವೆನ್ನಿಸುವುದಿಲ್ಲ.